ಒಂದು ಗಂಟೆಯ ಬಕೆಟ್ಟು, ನಾಲ್ಕು ಗಂಟೆಯ ಪ್ಯಾಕೆಟ್ಟು

ಶಾಲೆಯಲ್ಲಿ ಮಕ್ಕಳು ಸರಿಯಾಗಿ ಉಣ್ಣುತ್ತಿದ್ದಾರಾ ಅಂತ ತಿಳಿಯಬೇಕಾದರೆ ಬಡಿಸಿದ ತಟ್ಟೆ ನೋಡಿದರೆ ಸಾಲದು. ಕೈತೊಳೆಯುವ ನಳ್ಳಿಯ ಹತ್ತಿರ ಇಟ್ಟ ಬಕೆಟ್ಟಿನೊಳಗೆ ಇಣುಕಬೇಕು.

ನಮ್ಮ ಶಾಲೆಯ ರಕ್ಷಕ ಶಿಕ್ಷಕ ಸಂಘದಲ್ಲಿ ಮಧ್ಯಾಹ್ನದ ಊಟ ನೋಡಿಕೊಳ್ಳಲು ತಂದೆತಾಯಂದಿರಿಗೆ ಸರದಿ ಇರುತ್ತದೆ. ನನ್ನ ಸರದಿ ಬಂದಾಗ ಒಂದು ವಾರ ಪೂರ್ತಿ ಆ ನಳ್ಳಿಯ ಹತ್ತಿರ ನಿಂತಿದ್ದೆ. ಕಾಸರಗೋಡಿನ ಬಡಗು ಭಾಗದ ಸಣ್ಣ ಕನ್ನಡ ಮಾಧ್ಯಮ ಶಾಲೆ ನಮ್ಮದು. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮಾತಾಡುವ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಮನೆಯ ಅಡುಗೆ ಒಬ್ಬೊಬ್ಬರದ್ದು ಒಂದೊಂದು ಥರ. ಆದರೆ ಬಕೆಟ್ಟಿಗೆ ಬೀಳುವುದು ಎಲ್ಲರದ್ದೂ ಒಂದೇ. ಸೋಮವಾರ ಸಾಂಬಾರಿನ ಸೌತೆ ಹೋಳು. ಮಂಗಳವಾರ ಬೀನ್ಸ್ ಪಲ್ಯ. ಬುಧವಾರ ನುಗ್ಗೆ ಸೊಪ್ಪು. ಮೊಟ್ಟೆಯ ದಿನ ಹಳದಿ ಭಾಗ. ಅನ್ನ ಮಾತ್ರ ಜಾಸ್ತಿ ಬಿದ್ದಿರಲಿಲ್ಲ. ಅಂದರೆ ಮಕ್ಕಳು ಅನ್ನಕ್ಕೆ ಸಾಂಬಾರಿನ ತಿಳಿ ಹಾಕಿಕೊಂಡು ಉಂಡಿದ್ದಾರೆ. ಬೇಳೆ, ತರಕಾರಿ, ಸೊಪ್ಪು ಎಲ್ಲ ಪಕ್ಕಕ್ಕೆ ಸರಿದಿದೆ.

ಅದೇ ಮಕ್ಕಳು ನಾಲ್ಕು ಗಂಟೆಗೆ ಬೆಲ್ ಹೊಡೆದ ಕೂಡಲೇ ರಸ್ತೆಯಾಚೆಯ ಅಂಗಡಿಗೆ ಓಡುತ್ತಾರೆ. ಕೈಯಲ್ಲಿ ಹತ್ತು ರೂಪಾಯಿ. ಉಪ್ಪು ಖಾರದ ಪ್ಯಾಕೆಟ್ಟು, ಕೆನೆ ಬಿಸ್ಕತ್ತು, ಬಣ್ಣದ ನೀರಿನ ಸಣ್ಣ ಬಾಟಲಿ. "ಈಗಿನ ಮಕ್ಕಳಿಗೆ ಜಂಕ್ ಫುಡ್ಡೇ ಬೇಕು" ಅಂತ ನಾವು ಬೇಜಾರು ಮಾಡಿಕೊಳ್ಳುತ್ತೇವೆ. ಆ ವಾರ ಕಳೆದ ಮೇಲೆ ನನಗೆ ಹಾಗೆ ಅನ್ನಿಸುವುದು ನಿಂತಿತು. ಒಂದು ಗಂಟೆಗೆ ಬಕೆಟ್ಟಿಗೆ ಬಿದ್ದದ್ದೇ ನಾಲ್ಕು ಗಂಟೆಗೆ ಹಸಿವಾಗಿ ಎದ್ದು ನಿಲ್ಲುತ್ತದೆ. ಈ ಎರಡನ್ನೂ ಬೇರೆ ಬೇರೆ ಸಮಸ್ಯೆ ಅಂದುಕೊಂಡರೆ ಯಾವುದೂ ಸರಿಯಾಗುವುದಿಲ್ಲ.

ಸ್ವಲ್ಪ ಲೆಕ್ಕ ನೋಡೋಣ. ಮಧ್ಯಾಹ್ನದ ಊಟದ ಯೋಜನೆಗೆ 2021ರಿಂದ ಪಿಎಂ ಪೋಷಣ್ ಎಂದು ಹೆಸರು. ಅದರ ಪ್ರಕಾರ 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಸಿಗಬೇಕು. ಒಟ್ಟಿಗೆ 450 ಕಿಲೋಕ್ಯಾಲರಿ ಶಕ್ತಿ, 12 ಗ್ರಾಂ ಪ್ರೊಟೀನು. 6ರಿಂದ 8ನೇ ತರಗತಿಯವರಿಗೆ ಇದು 700 ಕಿಲೋಕ್ಯಾಲರಿ, 20 ಗ್ರಾಂ ಪ್ರೊಟೀನು. ಈಗ ಇನ್ನೊಂದು ಕಡೆಯಿಂದ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1,700 ಕಿಲೋಕ್ಯಾಲರಿ, 23 ಗ್ರಾಂ ಪ್ರೊಟೀನು. ಅಂದರೆ ಶಾಲೆಯ ಆ ಒಂದು ಊಟದಲ್ಲೇ ದಿನದ ಶಕ್ತಿಯ ಕಾಲು ಭಾಗ, ಪ್ರೊಟೀನಿನ ಅರ್ಧ ಭಾಗ ಇದೆ. ಎಷ್ಟೋ ಮಕ್ಕಳಿಗೆ ದಿನದ ಒಳ್ಳೆಯ ಊಟ ಅದೇ.

ಆದರೆ ತಟ್ಟೆ ಖಾಲಿಯಾದರೆ ಮಾತ್ರ. 450ರಲ್ಲಿ ಸುಮಾರು 350 ಕಿಲೋಕ್ಯಾಲರಿ ಅಕ್ಕಿಯದ್ದೇ. ಹಾಗಾಗಿ ಅನ್ನ ಉಂಡ ಮಗುವಿಗೆ ಹೊಟ್ಟೆ ತುಂಬಿದ ಹಾಗೆ ಆಗುತ್ತದೆ. ಬೇಳೆ, ನಾರು, ಎಣ್ಣೆ ಜೊತೆಯಲ್ಲಿ ಇದ್ದಿದ್ದರೆ ಅನ್ನ ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತಿತ್ತು. ಅವು ಇಲ್ಲದಿದ್ದರೆ ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರಿ, ಬೇಗ ಇಳಿಯುತ್ತದೆ. ಮೂರು ಗಂಟೆಯ ಪಾಠಕ್ಕೆ ಆಕಳಿಕೆ, ನಾಲ್ಕು ಗಂಟೆಗೆ ಹಸಿವು.

ಇನ್ನೊಂದು ಸಂಗತಿ ಇದೆ, ಇದನ್ನು ನಮ್ಮ ಹಿರಿಯರು ನಾಲಗೆಯಿಂದಲೇ ಕಂಡುಕೊಂಡಿದ್ದರು. ಪ್ರೊಟೀನು ಅಂದರೆ ಹಲವು ಅಮೈನೋ ಆಮ್ಲಗಳ ಸರ. ಅಕ್ಕಿಯ ಪ್ರೊಟೀನಿನಲ್ಲಿ ಲೈಸಿನ್ ಎಂಬ ಮಣಿ ಕಡಿಮೆ. ಹೆಸರು, ಹುರುಳಿ, ಅಲಸಂಡೆ, ತೊಗರಿಯಲ್ಲಿ ಅದು ಜಾಸ್ತಿ. ಕಾಳುಗಳಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿಯಲ್ಲಿ ಇದೆ. ಎರಡೂ ಸೇರಿದರೆ ಸರ ಪೂರ್ತಿಯಾಗುತ್ತದೆ. ಕುಚ್ಚಲಕ್ಕಿ ಗಂಜಿಗೆ ಬೇಯಿಸಿದ ಹೆಸರು, ಅನ್ನಕ್ಕೆ ಹುರುಳಿ ಸಾರು, ಇಡ್ಲಿಯ ಅಕ್ಕಿಗೆ ಉದ್ದು ಇವೆಲ್ಲ ಸುಮ್ನೆ ರುಚಿಗೆ ಹುಟ್ಟಿದ ಜೋಡಿಗಳಲ್ಲ. ಮಗು ಬೇಳೆ ಬಿಟ್ಟು ಅನ್ನ ಉಂಡಾಗ ಬೇಳೆಯ ನಾಲ್ಕೈದು ಗ್ರಾಂ ಪ್ರೊಟೀನು ಹೋಗುವುದಲ್ಲದೆ ಅನ್ನದ ಪ್ರೊಟೀನು ಕೂಡ ಅರೆಬರೆಯಾಗುತ್ತದೆ.

ಹಾಗಾದರೆ ಮಕ್ಕಳು ಯಾಕೆ ಬಿಡುತ್ತಾರೆ? ಕೇಳಿದೆ. ಉತ್ತರಗಳು ತೀರಾ ಸರಳ. ಬೀನ್ಸ್ ಉದ್ದ ಇತ್ತು. ಸೊಪ್ಪು ಬಾಯಿಗೆ ದಾರದ ಹಾಗೆ ಸಿಗುತ್ತದೆ. ಮೊಟ್ಟೆಯ ಹಳದಿ ಗಂಟಲಿಗೆ ಅಂಟುತ್ತದೆ. ಊಟ ಮುಗಿಸಿ ಆಡಲು ಹೋಗಬೇಕು, ನಿಧಾನ ಮಾಡಿದರೆ ಬೆಲ್ ಹೊಡೆಯುತ್ತದೆ. ಇದರಲ್ಲಿ ಒಂದಕ್ಕೂ ಉಪದೇಶ ಮದ್ದಲ್ಲ. ನಮ್ಮ ಅಡುಗೆಯಕ್ಕನಿಗೆ ಹೇಳಿದಾಗ ಅವರು ಮೊದಲು ಸುಮ್ಮನಿದ್ದರು. ಅಷ್ಟು ಮಕ್ಕಳಿಗೆ ಒಬ್ಬರೇ ಅಡುಗೆ ಮಾಡುವವರಿಗೆ ತರಕಾರಿ ಸಣ್ಣಗೆ ಹೆಚ್ಚಲು ಪುರುಸೊತ್ತು ಎಲ್ಲಿದೆ? ಹಾಗಾಗಿ ವಾರಕ್ಕೆ ಎರಡು ದಿನ ಇಬ್ಬರು ತಾಯಂದಿರು, ಒಬ್ಬ ಅಜ್ಜ ಬೆಳಗ್ಗೆ ಬಂದು ಹೆಚ್ಚಿಕೊಡಲು ಶುರು ಮಾಡಿದರು. ಬೀನ್ಸ್ ಅಲಸಂಡೆ ಬೀಜದಷ್ಟು ಸಣ್ಣದಾಯಿತು, ಮೇಲೆ ತೆಂಗಿನತುರಿ ಜಾಸ್ತಿ ಬಿತ್ತು. ನುಗ್ಗೆ ಸೊಪ್ಪನ್ನು ಬೇರೆ ಪಲ್ಯ ಮಾಡದೆ ಬೇಯುತ್ತಿರುವ ಬೇಳೆಗೆ ಹಾಕಿ ಕಡೆದರು. ಮೊಟ್ಟೆಯನ್ನು ಇಡಿಯಾಗಿ ಕೊಡದೆ ಹೆಚ್ಚಿ ಮಸಾಲೆಗೆ ಬೆರೆಸಿದರು. ಬಕೆಟ್ಟು ಒಮ್ಮೆಗೇ ಖಾಲಿಯಾಗಲಿಲ್ಲ. ಆದರೆ ಕಡಿಮೆಯಾಯಿತು. ಊಟದ ಹೊತ್ತನ್ನು ಹತ್ತು ನಿಮಿಷ ಹಿಗ್ಗಿಸಿದ್ದು ಇದೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು ಅಂತ ನನಗೆ ಅನ್ನಿಸುತ್ತದೆ.

ಕೇರಳದ ಶಾಲೆಗಳಲ್ಲಿ ವಾರಕ್ಕೆ ಎರಡು ದಿನ 150 ಮಿಲಿ ಹಾಲು, ಒಂದು ದಿನ ಮೊಟ್ಟೆ ಇದೆ. ಮೊಟ್ಟೆ ತಿನ್ನದವರಿಗೆ ನೇಂದ್ರ ಬಾಳೆಹಣ್ಣು. 2025ರ ಆಗಸ್ಟಿನಿಂದ ಊಟದ ಪಟ್ಟಿಯೂ ಬದಲಾಗಿದೆ. ತರಕಾರಿ ಹಾಕಿದ ಅನ್ನದ ಬಗೆಗಳು, ಪುದಿನ, ನೆಲ್ಲಿಕಾಯಿ ಚಟ್ನಿಗಳು, ರಾಗಿಯ ತಿಂಡಿಗಳು ಪಟ್ಟಿಗೆ ಬಂದಿವೆ. ರಾಗಿ ಬಂದದ್ದು ನನಗೆ ತುಂಬಾ ಖುಷಿ. ನಮ್ಮ ಕರಾವಳಿಯಲ್ಲಿ ರಾಗಿ ಅಂದರೆ ಹಸುಗೂಸಿನ ಮಣ್ಣಿ, ಅಷ್ಟೇ. ಮಗುವಿಗೆ ಹಲ್ಲು ಬಂದ ಮೇಲೆ ರಾಗಿ ಮರೆತೇ ಹೋಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲೇ ರಾಗಿ ಬಿಡುವುದು ಎಂಥ ನಷ್ಟ, ಅಲ್ವಾ?

ಬೆಳಗ್ಗಿನ ವಿಷಯ ಚಿಕ್ಕದು, ಆದರೆ ಬಿಡುವ ಹಾಗಿಲ್ಲ. ಕೆಲವು ಮಕ್ಕಳು ಏಳು ಗಂಟೆಗೆ ಮದ್ರಸಕ್ಕೆ ಹೋಗಿ ಅಲ್ಲಿಂದ ಶಾಲೆಗೆ ಬರುತ್ತಾರೆ. ಕೆಲವರು ಎಂಟರ ಬಸ್ಸು ಹಿಡಿಯಬೇಕು. ಚಾಯ, ಎರಡು ಬಿಸ್ಕತ್ತು, ಅಷ್ಟಕ್ಕೇ ಮಧ್ಯಾಹ್ನದ ತನಕ. ಅಂಥ ಮಗು ಹನ್ನೊಂದು ಗಂಟೆಗೆ ಬೆಂಚಿಗೆ ತಲೆ ಇಟ್ಟರೆ ಸೋಮಾರಿತನ ಅನ್ನಬಾರದು. ಕೇರಳದಲ್ಲಿ ಕೆಲವು ಪಂಚಾಯತುಗಳು ಶಾಲೆಯಲ್ಲೇ ಬೆಳಗ್ಗಿನ ತಿಂಡಿ ಕೊಡುತ್ತವೆ. ಇಲ್ಲದ ಕಡೆ ಎರಡು ನೀರುದೋಸೆಗೆ ತೆಂಗಿನಕಾಯಿ ಬೆಲ್ಲ ಸುತ್ತಿ ಡಬ್ಬಿಗೆ ಹಾಕಿದರೆ ಹತ್ತೂವರೆಯ ವಿರಾಮಕ್ಕೆ ಆಗುತ್ತದೆ.

ಈಗ ನಾಲ್ಕು ಗಂಟೆಯ ಪ್ಯಾಕೆಟ್ಟು.

ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನು ಓದಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ದೇಶದ ನಿಯಮದಲ್ಲಿ ಲೇಬಲ್ಲು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಸಾಕು. ಕನ್ನಡ ಮಾತ್ರ ಓದಲು ಬರುವ ತಾಯಿಗೆ ಅದು ಬರೀ ಇರುವೆ ಸಾಲು. ಹಾಗಾಗಿ ಐದನೇ ತರಗತಿಯ ಮಗುವಿಗೇ ಓದಲು ಕಲಿಸಿ, ಅದು ಅಮ್ಮನಿಗೆ ಓದಿ ಹೇಳಲಿ. ನೋಡಬೇಕಾದ ಜಾಗ ಮೂರೇ.

ಮೊದಲು, ಏನೇನು ಹಾಕಿದ್ದಾರೆ ಎಂಬ ಸಾಲು. ಅದರಲ್ಲಿ ತೂಕದಲ್ಲಿ ಯಾವುದು ಜಾಸ್ತಿಯೋ ಅದರ ಹೆಸರು ಮೊದಲು ಬರಬೇಕು ಎಂಬುದು ನಿಯಮ. ಮೊದಲ ಮೂರರಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಇದ್ದರೆ ಆ ತಿಂಡಿ ಅಂದರೆ ಅದೇ. ಮುಂದೆ ಗೋಧಿ, ಹಾಲು, ಹಣ್ಣಿನ ಚಿತ್ರ ಎಷ್ಟೇ ದೊಡ್ಡದಾಗಿರಲಿ. ಸಕ್ಕರೆಗೆ ಬೇರೆ ಹೆಸರುಗಳೂ ಇವೆ: ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್. ಎರಡನೆಯದು, 100 ಗ್ರಾಂ ಅಥವಾ 100 ಮಿಲಿಯಲ್ಲಿ ಎಷ್ಟು ಸಕ್ಕರೆ ಎಂಬ ಅಂಕೆ. ಮೂರನೆಯದು ಸೋಡಿಯಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಅಂತ ಬರೆದಿದ್ದರೆ ಅದು 2 ಗ್ರಾಂ ಉಪ್ಪು. ದೊಡ್ಡವರೇ ಇಡೀ ದಿನಕ್ಕೆ 5 ಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಇನ್ನೂ ಕಡಿಮೆ.

ಅಂಕೆ ಹೇಳಿದರೆ ಮಕ್ಕಳಿಗೆ ನಾಟುವುದಿಲ್ಲ. ಕಣ್ಣಿಗೆ ಕಾಣಬೇಕು. ಒಂದು ಸಂಜೆ ಮಗಳನ್ನೂ ಪಕ್ಕದ ಮನೆಯ ಇಬ್ಬರು ಮಕ್ಕಳನ್ನೂ ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿದೆ. 200 ಮಿಲಿಯ ಒಂದು ಸಿಹಿ ಪಾನೀಯದ ಬಾಟಲಿ, ಸಕ್ಕರೆ ಡಬ್ಬಿ, ಚಾಯದ ಚಮಚ, ಒಂದು ಗಾಜಿನ ಲೋಟ. ಬಾಟಲಿಯಲ್ಲಿ 100 ಮಿಲಿಗೆ 11 ಗ್ರಾಂ ಅಂತ ಇತ್ತು. 200 ಮಿಲಿಗೆ 22 ಗ್ರಾಂ. ಒಂದು ಚಮಚಕ್ಕೆ ಸುಮಾರು 4 ಗ್ರಾಂ. ಅವರೇ ಎಣಿಸಿ ಹಾಕಿದರು. ಒಂದು, ಎರಡು, ಮೂರು... ಐದೂವರೆ. ಲೋಟದ ತಳದಲ್ಲಿ ಬಿಳಿ ಗುಡ್ಡೆ ನಿಂತಿತು. ಸಣ್ಣವನು ಬಾಟಲಿಯನ್ನೂ ಲೋಟವನ್ನೂ ನೋಡುತ್ತಾ, "ಇಷ್ಟು ಸಕ್ಕರೆ ಇದ್ದರೂ ಬಾಯಿಗೆ ಯಾಕೆ ಗೊತ್ತಾಗುವುದಿಲ್ಲ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಹುಳಿಯೂ ತಂಪೂ ಸೇರಿದರೆ ನಾಲಗೆಗೆ ಸಿಹಿ ಕಡಿಮೆ ಅನ್ನಿಸುತ್ತದೆ. ಅದೇ ಬಾಟಲಿ ಬಿಸಿಲಿಗೆ ಇಟ್ಟು ಕುಡಿದರೆ ಬಾಯಿ ಅಂಟುವಷ್ಟು ಸಿಹಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮೇಲಿಂದ ಸೇರಿಸಿದ ಸಕ್ಕರೆ ದಿನದ ಶಕ್ತಿಯ ನೂರಕ್ಕೆ 10ನ್ನು ಮೀರಬಾರದು, 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು. 1,700 ಕಿಲೋಕ್ಯಾಲರಿಯ ಮಗುವಿಗೆ ಆ ಐದು ಅಂದರೆ ಸುಮಾರು 21 ಗ್ರಾಂ. ಒಂದು ಸಣ್ಣ ಬಾಟಲಿಗೇ ದಿನದ ಲೆಕ್ಕ ಮುಗಿಯಿತು. ಇನ್ನು ಚಾಯದ ಸಕ್ಕರೆ, ಬಿಸ್ಕತ್ತಿನ ಸಕ್ಕರೆ ಬಾಕಿ ಇದೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ಸಕ್ಕರೆ ಬೋರ್ಡು ಹಾಕಲು ಹೇಳಿತು. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಅಂತ ತೋರಿಸುವ ಫಲಕ ಅದು. ನಮ್ಮ ಶಾಲೆಗಳು ಕೇರಳ ಪಠ್ಯಕ್ರಮದವು. ಹಾಗಂತ ಒಂದು ರಟ್ಟು, ಒಂದು ಅಂಟು, ಕನ್ನಡದಲ್ಲಿ ನಾಲ್ಕು ಸಾಲು, ಇಷ್ಟಕ್ಕೆ ಯಾರ ಆದೇಶವೂ ಬೇಕಾಗಿಲ್ಲ.

ಒಂದು ಮಾತು ನೇರವಾಗಿ ಹೇಳಬೇಕು. ಪ್ಯಾಕೆಟ್ಟಿನದ್ದೆಲ್ಲ ಕೆಟ್ಟದು, ಊರಿನದ್ದೆಲ್ಲ ಒಳ್ಳೆಯದು ಎಂಬುದು ನಿಜವಲ್ಲ. ಬಾಳೆಕಾಯಿ ಚಿಪ್ಸ್, ಹಲಸಿನ ಹಪ್ಪಳ, ಚಕ್ಕುಲಿ ನಮ್ಮದೇ ಆದರೂ ಎಣ್ಣೆ, ಉಪ್ಪು ಜಾಸ್ತಿ. ಬೆಲ್ಲ ಕೂಡ ಸಕ್ಕರೆಯೇ, ಬಣ್ಣ ಬೇರೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಗೂಡಂಗಡಿಯ ಬಜ್ಜಿ ಮೊಹರು ಹಾಕಿದ ಪ್ಯಾಕೆಟ್ಟಿಗಿಂತ ಒಳ್ಳೆಯದು ಅನ್ನುವ ಹಾಗಿಲ್ಲ. ಇವೆಲ್ಲ ಹಬ್ಬಕ್ಕೆ, ನೆಂಟರು ಬಂದಾಗ ಸರಿ. ದಿನಾ ನಾಲ್ಕು ಗಂಟೆಗೆ ಅಲ್ಲ.

ಕಾನೂನು ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಶಾಲಾ ಮಕ್ಕಳ ಆಹಾರಕ್ಕೆಂದೇ ನಿಯಮ ತಂದಿದೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯೊಳಗೂ ಶಾಲೆಯ ಗೇಟಿನಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರುವ ಹಾಗಿಲ್ಲ. ಆದರೆ ಗೇಟಿನೆದುರಿನ ಅಂಗಡಿಯವರು ನಮ್ಮ ಊರಿನವರೇ. ಹೊಟ್ಟೆಪಾಡು ಅವರದ್ದೂ ಇದೆ. ಕಾನೂನು ಹಿಡಿದುಕೊಂಡು ಜಗಳಕ್ಕೆ ಹೋಗುವ ಮೊದಲು ಮಾತಾಡಿ ನೋಡುವುದು ಒಳ್ಳೆಯದು. ನಾವು ಹೋದಾಗ ಕಂಡದ್ದು ಇಷ್ಟು: ಪ್ಯಾಕೆಟ್ಟುಗಳ ಮಾಲೆ ಮಕ್ಕಳ ಮೂಗಿನ ಎದುರು ತೂಗುತ್ತಿತ್ತು, ಬಾಳೆಗೊನೆ ಒಳಗೆ ಕತ್ತಲಲ್ಲಿತ್ತು. ಗೊನೆಯನ್ನು ಎದುರಿಗೆ ತರಲು ಕೇಳಿಕೊಂಡೆವು. ಬೇಯಿಸಿದ ನೆಲಗಡಲೆಯನ್ನು ಕಾಗದದ ಪೊಟ್ಟಣದಲ್ಲಿ ಐದು ರೂಪಾಯಿಗೆ ಇಡಲು ಕೇಳಿದೆವು, ಮೊದಲ ವಾರ ಉಳಿದರೆ ನಾವೇ ಕೊಳ್ಳುತ್ತೇವೆ ಅಂತ ಮಾತು ಕೊಟ್ಟೆವು. ನೆಲಗಡಲೆ ಉಳಿಯಲಿಲ್ಲ. ಮಕ್ಕಳ ಕೈ ಹೋಗುವುದು ಹತ್ತಿರ ಇರುವ ಕಡೆಗೆ, ಅಷ್ಟೇ.

ಮನೆಯಲ್ಲೂ ಅದೇ ಮಾತು. ಮನೆಗೆ ಬಂದ ಕೂಡಲೇ ಕೈಗೆ ಸಿಗುವ ಹಾಗೆ ಏನಿದೆ? ಬೇಯಿಸಿದ ಹಲಸಿನ ಬೀಜ, ಗೆಣಸು, ಕಾಯಿತುರಿ ಬೆರೆಸಿದ ಅವಲಕ್ಕಿ, ಮಧ್ಯಾಹ್ನದ ಗಂಜಿಗೆ ಮೊಸರು, ಒಂದು ಮೊಟ್ಟೆ. ಕುಡಿಯಲು ಮಜ್ಜಿಗೆ ನೀರು, ಸಕ್ಕರೆ ಕಡಿಮೆ ಹಾಕಿದ ಪುನರ್ಪುಳಿ. ತಾಯಂದಿರು ಬೀಡಿ ಕಟ್ಟಲಿಕ್ಕೋ ಅಡಿಕೆ ಸುಲಿಯುವ ಚಾವಡಿಗೋ ಪೇಟೆಯ ಕೆಲಸಕ್ಕೋ ಹೋಗಿರುತ್ತಾರೆ. ನಾಲ್ಕು ಗಂಟೆಗೆ ಬಿಸಿಬಿಸಿ ಮಾಡಿಕೊಡಿ ಅಂತ ಅವರಿಗೆ ಹೇಳುವುದು ಅನ್ಯಾಯ. ಬೆಳಗ್ಗೆ ಬೇಯಿಸಿ ಮುಚ್ಚಿಟ್ಟರೆ ಸಾಕು. ಬೇಯಿಸುವ ಕೆಲಸ ಅಪ್ಪನಿಗೂ ಬರುತ್ತದೆ.

ಮೀನು ತಿನ್ನುವ ಮನೆಗಳಿಗೆ ನಮ್ಮ ಕಡಲು ಕೊಟ್ಟ ಬೂತಾಯಿ ಇದೆ. ಎಷ್ಟೋ ದುಬಾರಿ ಮೀನುಗಳಿಗಿಂತ ಇದರಲ್ಲೇ ಒಳ್ಳೆಯ ಕೊಬ್ಬು ಜಾಸ್ತಿ, ವಿಟಮಿನ್ ಡಿ ಇದೆ, ಮೆತ್ತಗೆ ಬೆಂದ ಮುಳ್ಳು ಸಮೇತ ತಿಂದರೆ ಕ್ಯಾಲ್ಸಿಯಂ ಕೂಡ. ಮೀನು ತಿನ್ನದ ಮನೆಗಳಿಗೆ ಹಾಲು, ರಾಗಿ, ಎಳ್ಳು. ಸೊಪ್ಪಿಗೆ ಪೇಟೆಗೆ ಹೋಗಬೇಕಾಗಿಲ್ಲ. ಬಸಳೆ ಚಪ್ಪರ, ಹಿತ್ತಲ ಹರಿವೆ, ಗುಡ್ಡದಲ್ಲಿ ಮಳೆಗಾಲ ಶುರುವಾದಾಗ ಏಳುವ ಚಗಟೆ, ತೋಟದ ಬದಿಯ ಒಂದೆಲಗ ಇವೆಲ್ಲ ಕೈ ಚಾಚಿದರೆ ಸಿಗುತ್ತವೆ.

ತಿಂದದ್ದು ಮೈಗೆ ಹತ್ತಬೇಕಾದರೆ ಮೈ ಅಲುಗಾಡಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಓಡಾಟ ಬೇಕು, ವಾರಕ್ಕೆ ಮೂರು ದಿನವಾದರೂ ಮೂಳೆ, ಸ್ನಾಯು ಗಟ್ಟಿಯಾಗುವ ಜಿಗಿತ, ಹತ್ತುವಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಸಿರು ಏರುವಷ್ಟು ಅಂದರೆ ಎಷ್ಟು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇಷ್ಟೇ ಅಳತೆ. ಅರವತ್ತೂ ಒಟ್ಟಿಗೆ ಆಗಬೇಕೆಂದಿಲ್ಲ. ಹತ್ತು ಹತ್ತು ನಿಮಿಷ ಸೇರಿಸಿದರೂ ಲೆಕ್ಕಕ್ಕೆ ಬರುತ್ತದೆ.

ಓಡುವಾಗ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ನಿಗೆ ಕಾಯದೆ ತಾವೇ ಎಳೆದುಕೊಳ್ಳುತ್ತವೆ. ಕೂತೇ ಇರುವ ಮಗುವಿನಲ್ಲಿ ಆ ಕೆಲಸವೆಲ್ಲ ಇನ್ಸುಲಿನ್ನಿನ ಮೇಲೆ ಬೀಳುತ್ತದೆ. 2016-18ರಲ್ಲಿ ನಡೆದ ಮಕ್ಕಳ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ಶಾಲಾ ವಯಸ್ಸಿನ ಹತ್ತರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆಯ ಮುನ್ಸೂಚನೆ ಕಂಡಿತ್ತು. ಅದೇ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿ ಬೇಕಾದ್ದಕ್ಕಿಂತ ತೆಳ್ಳಗಿದ್ದರು, 5 ಮಂದಿಗೆ ತೂಕ ಜಾಸ್ತಿ ಇತ್ತು. ಒಂದೇ ಬೆಂಚಿನಲ್ಲಿ ಇಬ್ಬರೂ ಕೂತಿರುತ್ತಾರೆ. ಇಬ್ಬರ ಮುಂದೆಯೂ ಇರುವುದು ಅದೇ ಬೇಳೆ ಬಿಟ್ಟ ಅನ್ನ, ಅದೇ ಪ್ಯಾಕೆಟ್ಟು, ಅದೇ ಆಟವಿಲ್ಲದ ಸಂಜೆ. ಹಾಗಾಗಿ ದಪ್ಪಗಿರುವವರಿಗೆ ವ್ಯಾಯಾಮ, ತೆಳ್ಳಗಿರುವವರಿಗೆ ಊಟ ಅಂತ ಹಂಚುವುದು ತಪ್ಪು. ಇಬ್ಬರಿಗೂ ಎರಡೂ ಬೇಕು. ದಪ್ಪಗಿರುವ ಮಗುವನ್ನು ಎಲ್ಲರೆದುರು ತೂಕ ನೋಡಬೇಡಿ, ಗುಂಡ ಅಂತ ಕರೆಯಬೇಡಿ. ದೊಡ್ಡವರ ಹಾಗೆ ಪಥ್ಯವನ್ನೂ ಹಾಕಬೇಡಿ. ಎತ್ತರ ಬೆಳೆಯುವ ವಯಸ್ಸು ಅದು. ಎಷ್ಟೋ ಮಕ್ಕಳಿಗೆ ತೂಕ ಇದ್ದಲ್ಲೇ ನಿಂತರೂ ಸಾಕು, ಎತ್ತರ ಬಂದು ಸರಿತೂಗಿಸುತ್ತದೆ.

ಹಿಂದೆ ಈ 60 ನಿಮಿಷ ಯಾರೂ ಎಣಿಸದೆ ಆಗಿಹೋಗುತ್ತಿತ್ತು. ನಾನು ಶಾಲೆಗೆ ಎರಡು ಕಿಲೋಮೀಟರು ನಡೆಯುತ್ತಿದ್ದೆ. ಗುಡ್ಡ ಹತ್ತಿ, ಪದವು ದಾಟಿ, ಅಡಿಕೆ ತೋಟದ ಸಂಕ ಹಾದು ಅರ್ಧ ಗಂಟೆ. ಸಂಜೆ ಮತ್ತೆ ಅರ್ಧ ಗಂಟೆ. ಈಗ ರಿಕ್ಷಾ ಗೇಟಿನ ತನಕ ಬರುತ್ತದೆ. ಅದು ತಪ್ಪು ಅನ್ನಲಾರೆ. ತಲಪಾಡಿಯಿಂದ ಚೆಂಗಳದ ತನಕ ಹೆದ್ದಾರಿ ಆರು ಪಥವಾಗಿದೆ, ಅದರ ಬದಿಯಲ್ಲಿ ಮಗುವನ್ನು ಒಂಟಿಯಾಗಿ ನಡೆಯಲು ಯಾರು ಬಿಡುತ್ತಾರೆ? ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆಯ ಒಳದಾರಿಗಳಲ್ಲಿ ಮಾತ್ರ ಇನ್ನೂ ಸಾಧ್ಯ ಇದೆ. ಹತ್ತು ಮಕ್ಕಳು, ಜೊತೆಗೆ ಒಬ್ಬರು ದೊಡ್ಡವರು, ಕೊನೆಯ ಒಂದು ಕಿಲೋಮೀಟರು ನಡಿಗೆ.

ಮೈದಾನದ ಕಥೆ ಬೇರೆ. ಆಟದ ಬಯಲಿಲ್ಲದೆ ಮಕ್ಕಳ ಕಲಿಕೆ ಇಲ್ಲ ಎಂಬ ಅರ್ಥದಲ್ಲಿ ಕೇರಳ ಹೈಕೋರ್ಟು 2024ರ ಏಪ್ರಿಲಿನಲ್ಲಿ ಗಟ್ಟಿ ತೀರ್ಪು ಕೊಟ್ಟಿದೆ. ನಮ್ಮಲ್ಲಿ ಬಯಲು ಇದ್ದರೂ ಮುರಕಲ್ಲಿನ ನೆಲ, ಬಿದ್ದರೆ ಮಂಡಿ ಸುಲಿಯುತ್ತದೆ. ದೈಹಿಕ ಶಿಕ್ಷಕರ ಹುದ್ದೆ ಸಿಗುವುದು ಮಕ್ಕಳ ಸಂಖ್ಯೆಯ ಮೇಲೆ. ಕನ್ನಡ ಮಾಧ್ಯಮದ ಸಣ್ಣ ಶಾಲೆಗಳಿಗೆ ಆ ಭಾಗ್ಯ ಇಲ್ಲ. ಆಟದ ಪಿರಿಯಡ್ಡಿಗೆ ಗಣಿತ ಬಂದು ಕೂರುತ್ತದೆ.

ನನ್ನ ದೊಡ್ಡ ತಕರಾರು ಇನ್ನೊಂದು. ಶಾಲೆಯ ಕ್ರೀಡೆ ಅಂದರೆ ಗೆಲ್ಲುವ ನಾಲ್ಕು ಮಕ್ಕಳು. ಉಪಜಿಲ್ಲೆಯ ಪಂದ್ಯಕ್ಕೆ ಹೋಗುವ ಓಟಗಾರನಿಗೆ ತರಬೇತಿ, ಉಳಿದವರು ಚಪ್ಪಾಳೆ ತಟ್ಟಲಿಕ್ಕೆ. ಓಡಬೇಕಾದವರು ಚಪ್ಪಾಳೆ ತಟ್ಟುವವರೇ, ಅಲ್ವಾ? ಯಕ್ಷಗಾನದಲ್ಲೂ ಹಾಗೆಯೇ ಆಗಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮದು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆ, ಹಾಗಾಗಿ ನಮ್ಮ ಶಾಲೆಗಳಿಗೆ ಗುರುಗಳು ಬಂದು ಕಲಿಸುತ್ತಾರೆ. ಆದರೆ ಕಲಿಯುವುದು ತಂಡಕ್ಕೆ ಆರಿಸಿದ ಕೆಲವರು. ತೆಂಕುತಿಟ್ಟಿನ ಧೀಂಗಿಣ ಹತ್ತಿರದಿಂದ ನೋಡಿದ್ದೀರಾ? ಒಂದೇ ಸಮನೆ ಚಕ್ರ ತಿರುಗಿದ ಹಾಗೆ ಜಿಗಿಯುತ್ತಾ ಸುತ್ತು ಬರುವಾಗ ಕಾಲಿನ ಮೂಳೆಗೆ, ತೊಡೆಗೆ, ಉಸಿರಿಗೆ, ಸಮತೋಲಕ್ಕೆ ಒಟ್ಟಿಗೆ ಕೆಲಸ. ಎರಡು ನಿಮಿಷಕ್ಕೆ ಹತ್ತು ವರ್ಷದ ಹುಡುಗನ ಅಂಗಿ ಬೆನ್ನಿಗೆ ಅಂಟುತ್ತದೆ. ಬರೀ ಹೆಜ್ಜೆಗಳನ್ನಾದರೂ ಇಡೀ ತರಗತಿಗೆ ಕಲಿಸಿದರೆ, ಒಂದು ಚೆಂಡೆ ಸಾಕು, ಮೈದಾನವೂ ಬೇಡ. ಜೂನಿನಿಂದ ಮೂರು ತಿಂಗಳು ಮಳೆ ಹಿಡಿದಾಗ ಜಗಲಿಯಲ್ಲೇ ಆಗುತ್ತದೆ. 2025ರಲ್ಲಿ ಕೇರಳದ ಶಾಲೆಗಳಿಗೆ ಜುಂಬಾ ಬಂದಾಗ ತುಂಬಾ ಚರ್ಚೆಯಾಯಿತು. ಜುಂಬಾ ಇರಲಿ, ಹಗ್ಗದಾಟ ಇರಲಿ, ಕುಂಟಾಬಿಲ್ಲೆ ಇರಲಿ, ಉಸಿರು ಏರಿದರೆ ಹೃದಯಕ್ಕೆ ಎಲ್ಲ ಒಂದೇ.

ಕೊನೆಗೆ ಹುಡುಗಿಯರ ಮಾತು. ನನಗೆ ಇದು ಎಲ್ಲಕ್ಕಿಂತ ಮುಖ್ಯ.

ಐದನೇ ತರಗತಿಯ ತನಕ ಹುಡುಗಿಯರು ಹುಡುಗರಷ್ಟೇ ಓಡುತ್ತಾರೆ. ಏಳು, ಎಂಟಕ್ಕೆ ಬರುವಾಗ ಬಯಲು ಹುಡುಗರದ್ದಾಗುತ್ತದೆ, ಹುಡುಗಿಯರು ಜಗಲಿಯಲ್ಲಿ. ಅದೇ ವಯಸ್ಸಿಗೆ ಅವರ ಮೈಗೆ ಕಬ್ಬಿಣದ ಅಂಶ ಜಾಸ್ತಿ ಬೇಕಾಗುತ್ತದೆ. 10ರಿಂದ 12 ವರ್ಷದ ಹುಡುಗನಿಗೆ ದಿನಕ್ಕೆ 16 ಮಿಲಿಗ್ರಾಂ ಸಾಕು ಎನ್ನುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಡುಗಿಗೆ 28 ಹೇಳುತ್ತದೆ. ಮುಟ್ಟು ಶುರುವಾಗುವ ಹೊತ್ತು, ರಕ್ತ ಹೋಗುತ್ತದೆ, ಮೈ ಬೆಳೆಯುತ್ತದೆ. ಕಬ್ಬಿಣ ಕಡಿಮೆಯಾದರೆ ರಕ್ತ ಆಮ್ಲಜನಕ ಹೊರುವುದು ಕಡಿಮೆ, ಎರಡು ಮೆಟ್ಟಿಲಿಗೆ ಏದುಸಿರು. ಅಂಥವಳು ಆಡಲು ಒಲ್ಲೆ ಅಂದರೆ ನಾಚಿಕೆ ಅಂದುಕೊಳ್ಳುತ್ತೇವೆ. ಸುಸ್ತು ಇರಬಹುದು ಅಂತ ಯೋಚಿಸುವುದಿಲ್ಲ.

ಸೊಪ್ಪು, ಕಾಳಿನ ಕಬ್ಬಿಣವನ್ನು ಕರುಳು ಸುಲಭಕ್ಕೆ ಎಳೆದುಕೊಳ್ಳದು. ನಿಂಬೆ, ನೆಲ್ಲಿಕಾಯಿ, ಪೇರಳೆ ಜೊತೆಗಿದ್ದರೆ ಎಳೆದುಕೊಳ್ಳುತ್ತದೆ. ಚಾಯ ಅದನ್ನು ತಡೆಯುತ್ತದೆ. ಹಾಗಾಗಿ ಊಟಕ್ಕೂ ಚಾಯಕ್ಕೂ ನಡುವೆ ಒಂದು ಗಂಟೆ ಇರಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ್ದು, 10ರಿಂದ 19 ವರ್ಷದವರಿಗೆ. ಹೊಟ್ಟೆ ತೊಳಸುತ್ತದೆ ಅಂತ ಎಷ್ಟೋ ಮಕ್ಕಳು ಅದನ್ನು ಕಿಸೆಗೆ ಹಾಕಿ ದಾರಿಯಲ್ಲಿ ಬಿಸಾಡುತ್ತಾರೆ. ಊಟ ಆದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ, ಅದು ಗುಳಿಗೆಯೊಳಗಿನ ಕಬ್ಬಿಣದಿಂದ. ಇದನ್ನು ಮೊದಲೇ ಹೇಳಿದರೆ ಮಕ್ಕಳು ನುಂಗುತ್ತಾರೆ. ವರ್ಷಕ್ಕೆ ಎರಡು ಸಲ ಕೊಡುವ ಹುಳದ ಗುಳಿಗೆಯೂ ಇದಕ್ಕೇ ಸೇರಿದ್ದು. ಕೊಕ್ಕೆಹುಳದ ಮರಿಗಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕ ಒಳಗೆ ಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಮಳೆಗಾಲದಲ್ಲಿ ತೋಟಕ್ಕೆ ಹೋಗುವಾಗ ಚಪ್ಪಲಿ ಹಾಕಿಸಿ.

ಹುಡುಗಿಯರು ಬಯಲಿಗೆ ಇಳಿಯದ್ದಕ್ಕೆ ನಾವು ಏನೇನೋ ಕಾರಣ ಊಹಿಸಿದ್ದೆವು. ಒಬ್ಬರು ಟೀಚರು ಬಾಗಿಲು ಹಾಕಿಕೊಂಡು ಅವರನ್ನೇ ಕೇಳಿದರು. ಸ್ಕರ್ಟಿನಲ್ಲಿ ಕಬಡ್ಡಿ ಆಡಲು ಆಗುವುದಿಲ್ಲ ಅಂದರು ಕೆಲವರು. ಇನ್ನು ಕೆಲವರು ಹೇಳಿದ್ದು ಬೀಗದ ಕೈಯ ವಿಷಯ. ಹುಡುಗಿಯರ ಶೌಚಾಲಯದ ಬೀಗದ ಕೈ ಅಧ್ಯಾಪಕರ ಕೋಣೆಯಲ್ಲಿ ಇರುತ್ತಿತ್ತು, ಪ್ರತಿ ಸಲ ಎಲ್ಲರೆದುರು ಹೋಗಿ ಕೇಳಬೇಕು. ಆಟ ಆಡಿ ಬೆವರಿ, ಬಟ್ಟೆ ಸರಿಮಾಡಿಕೊಳ್ಳಲು ಆ ಕೋಣೆಗೆ ಹೋಗುವುದಕ್ಕಿಂತ ಆಡದಿರುವುದೇ ಲೇಸು ಅನ್ನಿಸುತ್ತಿತ್ತು ಅವರಿಗೆ.

ಈಗ ಬುಧವಾರ, ಶುಕ್ರವಾರ ಟ್ರ್ಯಾಕ್ ಪ್ಯಾಂಟು ಹಾಕಿ ಬರಬಹುದು. ಆ ಎರಡು ದಿನ ಮೂರೂವರೆಯ ನಂತರ ಬಯಲು ಹುಡುಗಿಯರಿಗೆ. ಬೀಗದ ಕೈ ಎಂಟನೇ ತರಗತಿಯ ಬಾಗಿಲ ಹಿಂದಿನ ಮೊಳೆಯಲ್ಲಿ, ಒಂದು ಕೆಂಪು ರಿಬ್ಬನ್ನಿಗೆ ಕಟ್ಟಿ ತೂಗುತ್ತಿದೆ.